ಗಳಿಗೆಗೊಂದು ವರಸೆ

ಮದುರೈ ಆಚೆಯ ಕಣಿವೆಯ ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿ ಮಾರುತ್ತಿದ್ದ ಗಣೇಶನ್‌ಗೆ ತನ್ನ ತಾಯಿಯ ಕಾಯಿಲೆ ಏನೆಂದು ಡಾಕ್ಟರಿಗಿಂತ ಮೊದಲೇ ಗೊತ್ತಿತ್ತು: ನಾಟಕ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮರೆಯುವ ಗೋವಿಂದಮ್ಮಾಳ್, ಸ್ವಲ್ಪ ಹೊತ್ತಿಗೆಲ್ಲ ಅಂಗಡಿಗೆ ಬಂದು, ಮಗ ಎಂಟನೇ ಕ್ಲಾಸಿನಲ್ಲಿ ಫೇಲಾದ ಕತೆಯನ್ನು ಒಂದು ವಿಷಯವನ್ನೂ ಬಿಡದೆ ಗಿರಾಕಿಗಳ ಮುಂದೆ ಹೇಳುತ್ತಿದ್ದಳು. ನಿಜವಾಗಿ ಮರೆವಿದ್ದವಳು ಮೊದಲು ಮರೆಯಬೇಕಾದದ್ದು ಅದನ್ನಲ್ಲವೇ?

ಆ ಕಣಿವೆಯ ಕನ್ನಡ ಮಾತಾಡುವ ಒಕ್ಕಲು ಮನೆಗಳಲ್ಲಿ ಯಾರು ಯಾರಿಗೆ ಏನಾಗಬೇಕು, ಯಾವ ಕುಲದಿಂದ ಯಾವ ಕುಲಕ್ಕೆ ಹೆಣ್ಣು ತರಬಹುದು ಎಂಬ ವರಸೆಯೆಲ್ಲ ಗೋವಿಂದಮ್ಮಾಳ್ ತಲೆಯಲ್ಲಿತ್ತು. ೧೯೯೮ರಲ್ಲಿ, ಸಂಕ್ರಾಂತಿಯ ತೈ ತಿಂಗಳಲ್ಲಿ, ಪಕ್ಕದ ಬೀದಿಯ ಪೊನ್ನುಸಾಮಿಯ ಮಗಳು ಪಾಂಡೀಶ್ವರಿಯನ್ನು ತೇವಾರಂನ ಅಯ್ಯಾವುವಿನ ಮಗನಿಗೆ ಕೊಡುವುದೆಂದಾಯಿತು. ತಾಂಬೂಲ ಕೈ ಬದಲಾಗುವಾಗ ಮುದುಕಿ ಎದ್ದು ನಿಂತಳು.

"ನಿಲ್ಸಿ! ಎರಡು ಮನೇನೂ ಒಂದೇ ಕುಲ. ಇವ್ರು ಅಣ್ಣ ತಂಗಿ ಆಗ್ಬೇಕು."

ಅಯ್ಯಾವುವಿನ ಕಡೆಯವರು ಮಾನವಂತರು. ಊಟ ಮುಗಿಯುವವರೆಗೆ ಕೋಪವನ್ನು ತಡೆದಿಟ್ಟುಕೊಂಡು, ಪಾಯಸ ಕುಡಿದು, ಕೈ ತೊಳೆದ ಮೇಲೆಯೇ ಸಿಟ್ಟಾಗಿ ವ್ಯಾನು ಹತ್ತಿದರು.

ಮಾರನೆಯ ಬೆಳಿಗ್ಗೆ ಗೋವಿಂದಮ್ಮಾಳ್ ಕಾಪಿ ಕುಡಿಯುತ್ತ ಕೇಳಿದಳು: "ಪಾಂಡೀಶ್ವರಿ ಮದ್ವೆ ಯಾವತ್ತಡಾ?"

"ನೀನೇ ಅಲ್ವಾ ಅವ್ವ ನಿಲ್ಸಿದ್ದು? ಒಂದೇ ಕುಲ ಅಂದೆ!"

"ನಾನಾ? ಹುಡುಗನ ಅಜ್ಜಿ ಪೊನ್ನುಸಾಮಿ ಕುಲದಿಂದ ಹೋದವ್ಳು. ಹುಡುಗನ ಕುಲ ಬೇರೇನೇ. ಹೆಣ್ಣು ಕೊಟ್ಟು ತರೋ ವರಸೆ ಅದು. ಇದು ಗೊತ್ತಿಲ್ದೆ ನಿಲ್ಸಿದ್ದು ಯಾರು?"

ವಿಷಯ ತಿಳಿದ ಪೊನ್ನುಸಾಮಿ ಓಡಿ ಬಂದ. "ಗಣೇಶಾ, ಗೋವಿಂದಮ್ಮಾಳ್ ಅತ್ತೆಗೆ ಬುದ್ಧಿ ಐತಾ ಇಲ್ವಾ, ಎರಡ್ರಲ್ಲಿ ಒಂದು ಮದುರೈ ಡಾಕ್ಟ್ರ ಬಾಯಲ್ಲಿ ಹೇಳ್ಸು. ಯಾವ್ದಾದ್ರೂ ಸರಿ."

ಮದುರೈಯಲ್ಲಿ ಮೊದಲು ತಲೆಯ ಸ್ಕ್ಯಾನ್ ತೆಗೆದರು. ಆಮೇಲೆ ಡಾಕ್ಟರಮ್ಮ ಗೋವಿಂದಮ್ಮಾಳ್ ಮುಂದೆ ಒಂದು ಪೆಟ್ಟಿಗೆ ಇಟ್ಟು, ದೀಪ ಹತ್ತಿದ ಕೂಡಲೇ ಗುಂಡಿ ಒತ್ತಲು ಹೇಳಿದರು. ಮುದುಕಿ ಒಮ್ಮೆ ಹುಡುಗಿಯಂತೆ ಚಟ್ಟನೆ ಒತ್ತಿದಳು, ಇನ್ನೊಮ್ಮೆ ದೀಪವನ್ನು ನೋಡುತ್ತಲೇ ಕೂತಳು, ಮತ್ತೆ ಚಟ್ಟನೆ. "ನೋಡಿ, ಬೇಕಂತ ಮಾಡ್ತಾರೆ" ಎಂದು ಗಣೇಶನ್ ಹಲ್ಲು ಕಿರಿದ. ಡಾಕ್ಟರಮ್ಮ ಅವನನ್ನೂ ಕೂರಿಸಿದರು. ಅವನು ಶ್ರದ್ಧೆಯಿಂದ ಒತ್ತಿದ.

"ನಿಮ್ಮದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದೆ" ಎಂದರು ಡಾಕ್ಟರಮ್ಮ. ಗಣೇಶನ್ ಎದೆಯುಬ್ಬಿಸಿದ. "ಒಂದೇ ಸಮ ನಿಧಾನ."

ಆಮೇಲೆ ಸ್ಕ್ಯಾನಿನ ಫಿಲ್ಮನ್ನು ದೀಪದ ಮುಂದೆ ಹಿಡಿದು ತೋರಿಸಿದರು. "ಮಿದುಳಿನಲ್ಲಿ ಯೋಚಿಸುವ ಭಾಗ ಒಂದಾದರೆ, ಅಲ್ಲಿಂದಲ್ಲಿಗೆ ಸುದ್ದಿ ಸಾಗಿಸುವ ಬಿಳಿಯ ನರಗಳ ಕಟ್ಟು ಇನ್ನೊಂದು. ಈ ಚುಕ್ಕೆಗಳಿರುವ ಕಡೆ ಆ ಕಟ್ಟು ಸವೆದಿದೆ. ಇಂಥವರ ವೇಗದ ಸರಾಸರಿ ಅಷ್ಟೇನೂ ಕೆಟ್ಟಿರುವುದಿಲ್ಲ, ಏರಿಳಿತ ಜಾಸ್ತಿ. ಸುದ್ದಿ ಒಂದು ಸಲ ಸರಿಯಾಗಿ ಮುಟ್ಟುತ್ತದೆ, ಒಂದು ಸಲ ದಾರಿಯಲ್ಲೇ ತಡವರಿಸುತ್ತದೆ. ಇದನ್ನು ಇನ್ನೂ ಪೂರ್ತಿ ಬಲ್ಲವರಿಲ್ಲ. ಆದರೆ ನಿಮ್ಮ ತಾಯಿ ನಟಿಸುತ್ತಿಲ್ಲ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ."

ವಾಪಸ್ ಬರುವಾಗ ಬಸ್ಸು ಉಸಿಲಂಪಟ್ಟಿ ದಾಟಿತು. ಗೋವಿಂದಮ್ಮಾಳ್ ಮೆಲ್ಲಗೆ ಹೇಳಿದಳು: "ಅವತ್ತು ಅಷ್ಟು ಜನದ ಮುಂದೆ ಒಂದೇ ಕುಲ ಅಂತ ನಂಗೆ ಚೆನ್ನಾಗೇ ಕಾಣ್ತಡಾ. ಸರೀನೂ ತಪ್ಪೂ ಒಳಗೆ ಒಂದೇ ತರ ಇರ್ತದೆ. ಅದೇ ಭಯ."

ಗಣೇಶನ್‌ಗೆ ತಾನು ಇಷ್ಟು ದಿನ ನಾಟಕ ಎಂದದ್ದೆಲ್ಲ ನೆನಪಾಯಿತು. ಆಂಡಿಪಟ್ಟಿಯಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಸೀಬೆಹಣ್ಣು ತಂದು, ಉಪ್ಪುಖಾರ ಉದುರಿಸಿ ಅವಳ ಕೈಗಿಟ್ಟ.

ಎರಡೂ ಕಡೆಯ ಹಿರಿಯರು ಪೊನ್ನುಸಾಮಿಯ ಜಗಲಿಯಲ್ಲಿ ಸೇರಿ ಫಿಲ್ಮನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದರು. ಅದನ್ನು ತಲೆಕೆಳಗಾಗಿ ಹಿಡಿದಿದ್ದ ಅಯ್ಯಾವು, ತಾನು ಮೊದಲೇ ಊಹಿಸಿದ್ದೆ ಎಂದ. ಮುದುಕಿ ಮಾರನೆಯ ದಿನ ಬಾಯಿಬಿಟ್ಟು ಹೇಳಿದ್ದನ್ನು ಒಪ್ಪದಿದ್ದವರು ಅವಳ ತಲೆಯೊಳಗಿನ ಚುಕ್ಕೆಗಳಿಗೆ ತಲೆದೂಗಿದರು. ಕೊನೆಗೆ ಒಂದು ವಾರ ದಿನಕ್ಕೊಬ್ಬರು ಹೋಗಿ ಅದೇ ಪ್ರಶ್ನೆ ಕೇಳುವುದು, ಹೆಚ್ಚು ಸಲ ಬಂದ ಉತ್ತರವೇ ವರಸೆ ಎಂದು ತೀರ್ಮಾನವಾಯಿತು. ಇಡೀ ಕಣಿವೆಯಲ್ಲಿ ಇನ್ನೊಬ್ಬರಾದರೂ ಇದನ್ನು ಕಲಿತಿದ್ದರೆ ಈ ಚುನಾವಣೆ ಬೇಕಿರಲಿಲ್ಲ ಎಂಬ ಯೋಚನೆ ಯಾರಿಗೂ ಬರಲಿಲ್ಲ.

ಒಂದು ದಿನ ಮಾತ್ರ ಅವಳು ತಡವರಿಸಿದಳು. ಉಳಿದ ದಿನವೆಲ್ಲ ಅಜ್ಜಿಯ ಹೆಸರು, ಅವಳು ಹುಟ್ಟಿದ ಮನೆ, ಸೇರಿದ ಮನೆ, ಎಲ್ಲವನ್ನೂ ಬಿಡಿಸಿಟ್ಟಳು. ಎರಡು ತಿಂಗಳು ಕಳೆದು ಪಂಗುನಿಯಲ್ಲಿ ಮದುವೆಯಾಯಿತು. ಅಯ್ಯಾವುವಿನ ಕಡೆಯವರು ಈ ಸಲವೂ ಪಾಯಸ ಬಿಡಲಿಲ್ಲ.

ಮದುವೆಯ ಮಾರನೆಯ ದಿನ ಗಣೇಶನ್ ಅಂಗಡಿಗೆ ತಡವಾಗಿ ಹೋದ. ಅವ್ವನ ಪಕ್ಕ ಕೂತು, "ಹೇಳವ್ವ, ನಮ್ಮ ಬೀದಿಯಿಂದ ಶುರು ಮಾಡು" ಎಂದ. ಅವಳು ಮೂರು ಮನೆ ಹೇಳುವಷ್ಟರಲ್ಲಿ ಅವನು ಸತ್ತ ಚಿಕ್ಕಪ್ಪನಿಗೆ ಬದುಕಿದ್ದ ಅತ್ತೆಯನ್ನು ಕಟ್ಟಿದ್ದ.

ಗೋವಿಂದಮ್ಮಾಳ್ ಹಣೆ ಚಚ್ಚಿಕೊಂಡು ಸೊಸೆಯನ್ನು ಕೂಗಿದಳು: "ಜೆಯಂತೀ, ಬೇಗ ಬಾಮ್ಮಾ. ಇವತ್ತು ನನ್ ತಲೆ ನೆಟ್ಗೆ ಐತೆ, ನೀನು ಕಲ್ತ್ಕೋ. ಇವ್ನು ಅಂಗಡಿಗೆ ಹೋಗ್ಲಿ."