ಹೊಸಿಲೊಳಗಿನ ಕೆಂಪು ಹೆಜ್ಜೆ

ಮತ್ತೆ ಆ ನೊಣ, ಪಟ್ಟಿಯ ಮೇಲೆಯೇ ಕೂರುತ್ತದೆ, ಬಲಗಾಲಿನ ಹಿಮ್ಮಡಿಯಲ್ಲಿ ಕೀವು ಒಸರಿರುವ ಜಾಗವೇ ಅದಕ್ಕೂ ಬೇಕು, ನೋಡಲು ಬರುವವರಿಗೂ ಬೇಕು — ಹಿರಿಯೂರಿನಿಂದ ದುರ್ಗದ ಆಸ್ಪತ್ರೆಗೆ ಬಸ್ಸು ಹತ್ತಿ ಬಂದು, ಬ್ರೆಡ್ಡು ಮೋಸಂಬಿ ಇಟ್ಟು, ಏನವ್ವ ಅನುಸೂಯ, ನೆಟ್ಟಗಿದ್ದ ಕಾಲು ಯಾಕೆ ಕುಯ್ಸಿಕೊಂಡೆ ಅನ್ನುತ್ತಾರೆ, ನೆಟ್ಟಗಿತ್ತಂತೆ, ದಿನವೆಲ್ಲ ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿ ಸಂಜೆ ಪಾದ ಊರಲಾಗದೆ ಅತ್ತವಳು ನಾನು, ಇವರಲ್ಲ. ಚಪ್ಪಟೆ ಪಾದ, ಡಾಕ್ಟರು ಹಿಮ್ಮಡಿಯ ಮೂಳೆ ಕೊಯ್ದು ಸರಿಸಿ, ಸ್ಕ್ರೂ ಹಾಕಿ ಅಂಗಾಲಿಗೆ ಬಾಗು ತಂದರು, ಮೂಳೆ ಕೂಡುವವರೆಗೆ ಕಾಲು ಊರಲೇಬಾರದು ಅಂದರು, ನನ್ನ ಗಂಡ ಲಕ್ಷ್ಮೀಕಾಂತ್ ಪಕ್ಕದಲ್ಲಿ ನಿಂತು ತಲೆಯಾಡಿಸಿದ, ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ, ಡಾಕ್ಟರ ಮುಂದೆ ಡಾಕ್ಟರಿಗೆ, ಅವ್ವನ ಮುಂದೆ ಅವ್ವನಿಗೆ.

ಅವನವ್ವ ದ್ಯಾಮಮ್ಮ, ನನ್ನತ್ತೆ, ಮಹಾತಾಯಿ — ಮದುವೆಯಾಗಿ ಬಂದ ದಿನ ಓಕುಳಿ ತಟ್ಟೆಯಲ್ಲಿ ಕಾಲದ್ದಿ ಹೊಸಿಲು ದಾಟಿದಾಗ ನೆಲದ ಮೇಲೆ ಬಿದ್ದ ನನ್ನ ಕೆಂಪು ಹೆಜ್ಜೆ ನೋಡಿ, ಬಾಗೇ ಇಲ್ವಲ್ರೇ, ಪೂರಾ ಪಾದ ಬಿದ್ದೈತೆ, ಇದು ಮನೆ ತುಳಿದು ಹಾಕೋ ಹೆಜ್ಜೆ ಕಣ್ರೇ, ಎಂದು ನೆಂಟರ ಮುಂದೆಯೇ ಅಂದವಳು, ಆಮೇಲೆ ಎಮ್ಮೆ ಸತ್ತರೂ ನನ್ನ ಪಾದ, ಹಾಲು ಒಡೆದರೂ ನನ್ನ ಪಾದ. ಆಪರೇಷನ್ ಆಗಿ ಮನೆಗೆ ಬಂದು ತಿಂಗಳಾಗಿರಲಿಲ್ಲ, ಹೊಸ ಪಾದ ಬಂದೈತೆ, ಹೊಸದಾಗಿ ಮನೆ ತುಂಬಿಸ್ಕಳಾಣ, ಶುಕ್ರವಾರ ಚೆನ್ನಾಗೈತೆ ಅಂದಳು, ಡಾಕ್ಟರು ಬೇಡ ಅಂದವ್ರೆ ಅತ್ತೆ ಅಂದೆ, ಒಂದು ಹೆಜ್ಜೆಗೆ ಏನಾಗ್ತೈತೆ, ನಮ್ಮನೆ ಶಾಸ್ತ್ರ ಅವರಿಗೇನು ಗೊತ್ತು, ಲಕ್ಷ್ಮೀಕಾಂತ್ ತಲೆಯಾಡಿಸಿದ, ಬಿಎಸ್ಸಿ ಓದಿದವನು, ಕುಡುಗೋಲು ತಂದು ತಾನೇ ಪ್ಲಾಸ್ಟರ್ ಸೀಳಿದ, ಇಬ್ಬರೂ ನನ್ನ ರಟ್ಟೆ ಹಿಡಿದು ಎತ್ತುತ್ತಾರೆ, ಓಕುಳಿ ತಟ್ಟೆಯ ಸುಣ್ಣ ಅರಿಶಿನದ ನೀರು ಹೊಲಿಗೆಯೊಳಗೆ ಚುರುಗುಟ್ಟುತ್ತದೆ, ಭಾರ ಬೀಳುತ್ತದೆ, ಒಳಗೆ ಏನೋ ಲಟಕ್ಕೆನ್ನುತ್ತದೆ, ನಾನು ಕಿರುಚಿದೆ, ಅತ್ತೆ ನೆಲ ನೋಡುತ್ತಿದ್ದಳು, ನೆರೆದ ಹೆಂಗಸರಿಗೆ ಅಂದಳು, ಈಗ ನೋಡ್ರೇ, ಬಾಗು ಎಷ್ಟು ಲಕ್ಷಣವಾಗಿ ಮೂಡೈತೆ.

ಈಗ ಮತ್ತೆ ಇದೇ ಆಸ್ಪತ್ರೆ, ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದಿದ್ದಾರೆ, ಸ್ಕ್ರೂ ಜರುಗಿದೆ, ಕೀವು ಮೂಳೆಗಿಳಿದಿದೆ, ಸ್ಕ್ರೂ ತೆಗೆದು ಮೂಳೆ ಕೆರೆಯಬೇಕು, ಬಾಗು ಉಳಿಯಲ್ಲಮ್ಮ. ಮತ್ತೆ ನಿಂತು ಪಾಠ ಮಾಡಬಹುದಾ ಸಾರ್, ನೋಡೋಣ. ನೋಡೋಣ ಅಂದರೆ ಇಲ್ಲ ಅಂತ, ಅಷ್ಟು ನನಗೂ ಗೊತ್ತು. ಲಕ್ಷ್ಮೀಕಾಂತ್ ಇದಕ್ಕೂ ತಲೆಯಾಡಿಸುತ್ತಾನೆ, ಥೂ ನಿನ್ನ, ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿ ಬಂದಿದ್ದಾನೆ, ಅವ್ವ ಆ ಹೆಜ್ಜೆ ಒರೆಸಾಕೆ ಬಿಟ್ಟಿಲ್ವಂತೆ ಕಣೆ, ಸುತ್ತ ರಂಗೋಲಿ ಬಿಟ್ಟು ಬಂದವರಿಗೆಲ್ಲ ತೋರಿಸ್ತಾಳಂತೆ, ಹೆಮ್ಮೆಯಿಂದ ಹೇಳುತ್ತಾನೆ, ನನಗೆ ಸಂತೋಷವಾಗಲಿ ಎಂದು ಹೇಳುತ್ತಾನೆ — ನೊಣ ಮತ್ತೆ ಕೂತಿತು, ಕಾಲು ಇಲ್ಲಿ ಕೊಳೆಯುತ್ತಿದೆ, ಅಲ್ಲಿ ಹೊಸಿಲೊಳಗೆ ಕೆಂಪು ಹೆಜ್ಜೆ, ನಡುವೆ ಬಾಗು, ಹಿಮ್ಮಡಿಯ ಜಾಗದಲ್ಲಿ ಓಕುಳಿಗಿಂತ ಕಪ್ಪಾಗಿ ಒಣಗಿದ ನನ್ನ ರಕ್ತ, ಸುತ್ತ ರಂಗೋಲಿ