ಸುಟ್ಟ ವಾಸನೆ ಬಂದರೆ ಇಳಿಯಬೇಕು

ನಾನಾಗ ಇನ್ನೂ ಚಿಕ್ಕವಳು. ಬಸ್ಸಿನ ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದಳು. ನಾನು ಅವಳ ಹಣೆ ಹಿಡಿದುಕೊಂಡು ಕೂತಿದ್ದೆ. ಅವಳ ಪಾಡು ನೋಡಲಾಗದೆ ಮಾತು ಕೊಟ್ಟೆ.

“ನಾನು ದೊಡ್ಡವಳಾಗಿ ಕಾರು ತಗೋತೀನಿ ಕಣೇ ಅಕ್ಕಾ. ಆಮೇಲೆ ನಿನ್ನ ಬಸ್ ಹತ್ತಿಸೋದೇ ಇಲ್ಲ.”

ಅಕ್ಕ ಬಾಯಿ ಒರೆಸಿಕೊಂಡು, “ಅಲ್ಲೀವರೆಗೂ ಹಣೆ ಗಟ್ಟಿಯಾಗಿ ಹಿಡ್ಕೋ” ಅಂದಳು.

ಕಾರು ಬರುವುದಕ್ಕೆ ನನ್ನ ಅರ್ಧ ತಲೆ ನರೆಯಬೇಕಾಯಿತು. ಬಂದದ್ದು ಬೂದು ಬಣ್ಣದ, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಮೊದಲು ಅದು ಊರೂರು ಸುತ್ತಿ ಔಷಧಿ ಮಾರುವವರೊಬ್ಬರ ಬಳಿ ಇತ್ತಂತೆ. ಅಲ್ಲಿ ದಿನವಿಡೀ ದೊಡ್ಡ ರಸ್ತೆಯಲ್ಲಿ ಓಡಿ ಅಭ್ಯಾಸವಾಗಿದ್ದ ಪ್ರಾಣಿ, ನಮ್ಮನೆಗೆ ಬಂದ ಮೇಲೆ ನಿವೃತ್ತಿ ಪಡೆದ ಹಾಗಾಯಿತು. ಮನೆಯಿಂದ ಮಗಳ ಶಾಲೆ, ಶಾಲೆಯಿಂದ ನಾನು ಬಟ್ಟೆ ಆಲ್ಟರ್ ಮಾಡುವ ಅಂಗಡಿ, ಅಂಗಡಿಯಿಂದ ನಮ್ಮನೆಯವರ ಗೋದಾಮು, ಅಷ್ಟೇ. ಎಂಜಿನ್ ಬಿಸಿಯಾಗಿ ಮೈ ಮುರಿದು ಎದ್ದು ಕೂರುವಷ್ಟರಲ್ಲಿ ನಿಲ್ಲುವ ಜಾಗ ಬಂದಿರುತ್ತಿತ್ತು. ಭಾನುವಾರ ಅದು ಹೊದಿಕೆ ಹೊದ್ದು ಮಲಗುತ್ತಿತ್ತು. ನಮಗಿಲ್ಲದ ಭಾಗ್ಯ.

ಅಕ್ಕ ಇರುವುದು ನಮ್ಮಿಂದ ಅರ್ಧ ದಿನದ ದಾರಿ. ಅಂಗಡಿ ಮುಂಗಟ್ಟುಗಳಿಗೆ ಬೋರ್ಡ್ ಬರೆಯುವುದು ಅವಳ ಕಸುಬು. ಫೋನ್ ಮಾಡಿದಾಗಲೆಲ್ಲ ಮೊದಲು ವಿಚಾರಿಸುವುದು ಕಾರನ್ನು.

“ಹೇಗಿದೆ ಕಾರು? ಊಟ ತಿಂಡಿ ಸರಿಯಾಗಿ ಮಾಡ್ತಿದೆಯಾ? ದೊಡ್ಡಮ್ಮ ಕೇಳಿದ್ಲು ಅಂತ ಹೇಳು. ನಾನು ಬದುಕಿರೋವಾಗ್ಲೇ ಒಂದ್ಸಲ ಬಂದು ಮುಖ ತೋರಿಸಿ ಹೋಗೋಕೆ ಹೇಳು.”

“ಮುಂದಿನ ತಿಂಗಳು ಅಕ್ಕಾ” ಎಂದು ನಾನು ಪ್ರತಿ ತಿಂಗಳೂ ಹೇಳುತ್ತಿದ್ದೆ.

ಇನ್ನು ನಮ್ಮನೆಯವರ ವಿಷಯ. ಹಾಸಿಗೆ, ದಿಂಬು, ಹತ್ತಿ ಪೇರಿಸಿಟ್ಟ ದೊಡ್ಡ ಗೋದಾಮಿನಲ್ಲಿ ಬೆಂಕಿ ಸುರಕ್ಷತೆಯ ಮೇಲ್ವಿಚಾರಣೆ ಅವರದು. ಅವರು ಕೆಲಸಕ್ಕೆ ಸೇರಿದಂದಿನಿಂದ ಅಲ್ಲಿ ಒಂದು ಬೀಡಿ ಕಿಡಿಯೂ ಬಿದ್ದಿಲ್ಲ. ಅಲ್ಲಿಯ ಕೆಲಸಗಾರರಿಗೆ ಅವರು ಹೇಳಿಕೊಡುವ ಪಾಠ ಒಂದೇ: ಮೊದಲು ಮೂಗು, ಆಮೇಲೆ ಕಾಲು, ಕೊನೆಗೆ ತಲೆ. ಸುಟ್ಟ ವಾಸನೆ ಬಂದರೆ ಎಲ್ಲವನ್ನೂ ಆಫ್ ಮಾಡಿ ಹೊರಗೆ ನಡೆಯಬೇಕು. ಯೋಚನೆ ಏನಿದ್ದರೂ ಹೊರಗೆ ನಿಂತ ಮೇಲೆ. ಈ ಪಾಠ ಗೋದಾಮಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮನೆಯಲ್ಲಿ ಹಾಲು ಸೀದು ತಳ ಹಿಡಿದರೂ ನಾವೆಲ್ಲ ಗೇಟಿನಾಚೆ ಸಾಲಾಗಿ ನಿಂತು ತಲೆ ಎಣಿಸಿಕೊಳ್ಳಬೇಕು. ಎಣಿಸುವುದಕ್ಕೆ ಇರುವವರು ಮೂವರು. ಅವರು ಅದನ್ನೂ ಬೆರಳು ಮಡಚಿ ಎಣಿಸುತ್ತಾರೆ.

ಒಂದು ಬೆಳಿಗ್ಗೆ ಮಗಳ ಶಾಲೆಯ ಗೇಟಿನ ಹತ್ತಿರ ಕಾರಿನಲ್ಲಿ ಸುಟ್ಟ ವಾಸನೆ ಬಂತು. ಮುಂದುಗಡೆ ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗತೊಡಗಿತು.

“ಇಳೀರಿ!” ಅಂದರು. ಕಾರು ಆಫ್. ನಾನು ಊಟದ ಡಬ್ಬಿ ಸಮೇತ ಇಳಿದೆ, ಮಗಳು ಒಂದೇ ಶೂ ಹಾಕಿಕೊಂಡಿದ್ದಳು. ನಮ್ಮಿಬ್ಬರನ್ನೂ ಎದುರಿನ ಗೋಡೆ ಪಕ್ಕ ಸಾಲಾಗಿ ನಿಲ್ಲಿಸಿ ಅವರು ಬಾನೆಟ್ಟಿನ ಸುತ್ತ ಮೂಸುತ್ತ ಪ್ರದಕ್ಷಿಣೆ ಹಾಕಿದರು. ಏನೂ ಇರಲಿಲ್ಲ.

“ಅಪ್ಪಾ, ನನ್ನ ಫ್ರೆಂಡ್ಸ್ ಎಲ್ಲಾ ನೋಡ್ತಿದ್ದಾರೆ” ಅಂದಳು ಮಗಳು, ಹಲ್ಲು ಕಚ್ಚಿಕೊಂಡು. “ಇದಕ್ಕಿಂತ ಬೆಂಕಿ ಹತ್ತಿಕೊಂಡಿದ್ರೇ ವಾಸಿ ಇತ್ತು.”

“ಮರ್ಯಾದೆ ಹೋದ್ರೆ ಬರುತ್ತೆ. ಪ್ರಾಣ ಹೋದ್ರೆ?”

“ನಂದು ಎರಡೂ ಹೋಯ್ತು.”

ಆಮೇಲೆ ಇದೊಂದು ಪದ್ಧತಿಯೇ ಆಯಿತು. ಕೆಲವು ದಿನ ಸುಮ್ಮನಿರುವುದು, ಇನ್ನೊಂದು ದಿನ ಎಲ್ಲೋ ವಾಸನೆ ಬರುವುದು, ಕಾರು ಆಫ್, ನಾವು ಸಾಲು. ತರಕಾರಿ ಅಂಗಡಿಯವಳು ನಮ್ಮನ್ನು ಹಾಗೆ ಕಂಡಾಗಲೆಲ್ಲ, “ಇವತ್ತೂ ಡ್ರಿಲ್ಲಾ ಅಕ್ಕಾ?” ಎಂದು ಕೇಳುವಷ್ಟು ನಾವು ಹೆಸರುವಾಸಿಯಾದೆವು. ಕೊನೆಗೆ ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡಿತು, ಆರಲಿಲ್ಲ.

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಮಾತಿನಮಲ್ಲ. ಮೊದಲು ಬ್ಯಾಟರಿ ಅಂದ, ಬದಲಾಯಿಸಿದ, ದೀಪ ಜಗ್ಗಲಿಲ್ಲ. ಯಾವುದೋ ವೈರು ಅಂದ, ಅದೂ ಅಲ್ಲ. ಆಮೇಲೆ ಅವನ ಹತ್ತಿರವಿದ್ದ ಯಂತ್ರವನ್ನು ಕಾರಿಗೆ ಸಿಕ್ಕಿಸಿ ನೋಡಿದವನೇ ಸ್ಟೂಲಿನ ಮೇಲೆ ಕೂತು ನಗತೊಡಗಿದ.

“ಸಾರ್, ನಿಮ್ಮ ಕಾರಿಗೆ ಮಲಬದ್ಧತೆ!”

“ಸರಿಯಾಗಿ ಹೇಳಪ್ಪಾ” ಅಂದರು ಇವರು.

“ಹೊಗೆ ಹೋಗೋ ದಾರೀಲಿ ಮಸಿ ಹಿಡಿಯೋಕೆ ಒಂದು ಫಿಲ್ಟರ್ ಇರುತ್ತೆ ಸಾರ್. ಕಾರು ದೂರ ಓಡಿದ್ರೆ ಒಳಗೆ ಕಾವು ಏರಿ ಆ ಮಸಿ ಸುಟ್ಟು ಹೋಗುತ್ತೆ. ನೀವು ಓಡ್ಸೋದು ಇಲ್ಲಿಂದ ಅಲ್ಲಿಗೆ. ಕಾವೇ ಏರಲ್ಲ, ಮಸಿ ತುಂಬ್ಕೊಳ್ಳುತ್ತೆ. ಆಗಾಗ ಕಾರೇ ಪಾಪ, ತಾನೇ ಕಾವೇರಿಸ್ಕೊಂಡು ಹೊಟ್ಟೆ ಖಾಲಿ ಮಾಡ್ಕೊಳ್ಳೋಕೆ ನೋಡುತ್ತೆ. ಫ್ಯಾನ್ ಜೋರಾಗಿ ತಿರುಗುತ್ತೆ, ಸ್ವಲ್ಪ ಸುಟ್ಟ ವಾಸನೆ ಬರುತ್ತೆ. ಆವಾಗ ಮಾತ್ರ ಆಫ್ ಮಾಡ್ಬಾರ್ದು. ನೀವೇನಾದ್ರೂ ಆಫ್ ಮಾಡಿದ್ರಾ?”

ನಮ್ಮನೆಯವರು ಗೋಡೆಯ ಮೇಲಿನ ಟೈರ್ ಕ್ಯಾಲೆಂಡರ್ ಓದುತ್ತ ನಿಂತರು.

“ಆಫ್ ಮಾಡಿ ಸಾಲಾಗಿ ನಿಲ್ತೀವಿ ಅಂಕಲ್” ಅಂದಳು ಮಗಳು.

ಅವನು ಕಣ್ಣೊರೆಸಿಕೊಂಡು, “ಇನ್ನೂ ಕಾಲ ಮಿಂಚಿಲ್ಲ. ದೊಡ್ಡ ರಸ್ತೇಲಿ ನಿಲ್ಲಿಸದೆ ಒಂದೇ ಸಮ ಓಡ್ಸಿ, ತಾನೇ ಸರಿ ಹೋಗುತ್ತೆ. ಮಧ್ಯೆ ನಿಲ್ಲಿಸಿದ್ರೆ ಕಾರು ಮುನಿಸ್ಕೊಂಡು ಕೂತ್ಕೊಳ್ಳುತ್ತೆ. ಎಳ್ಕೊಂಡೇ ಬರ್ಬೇಕಾಗುತ್ತೆ” ಅಂದ.

ಆ ಸಂಜೆಯೇ ಅಕ್ಕನ ಫೋನು ಬಂತು. ಅವಳಿಗೆ ಕಣ್ಣಿನ ಪೊರೆ ಬಂದು ತಿಂಗಳುಗಳಾಗಿದ್ದವು. ಔಷಧಿ ಅಂಗಡಿಯ ಬೋರ್ಡ್ ಬರೆಯುವಾಗ ಕೊನೆಯ ಅಕ್ಷರ ಹಲಗೆ ದಾಟಿ ಗೋಡೆಗೇ ಹೋಗಿತ್ತಂತೆ. ನಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ಹೆಸರು ಬರೆಸಿ ಕಾದಿದ್ದೆವು, ಈಗ ಸರದಿ ಬಂದಿತ್ತು. ಭಾನುವಾರ ಸಂಜೆ ಕೌಂಟರ್ ಮುಚ್ಚುವುದರೊಳಗೆ ದಾಖಲಾಗಬೇಕು, ತಪ್ಪಿದರೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ಕಣ್ಣಿಲ್ಲದೆ ಅವಳ ಕುಂಚ ನಡೆಯದು. ಕುಂಚ ನಡೆಯದೆ ಅವಳ ದಿನ ನಡೆಯದು.

“ಭಾನುವಾರ ನಾವೇ ಬಂದು ಕರ್ಕೊಂಡು ಬರ್ತೀವಿ. ನೀನು ಬಸ್ ಹತ್ಬೇಡ” ಅಂದೆ.

“ಅಂತೂ ನಿನ್ನ ಕಾರು ನನ್ನ ಮೇಲೆ ದಯೆ ತೋರಿಸ್ತಲ್ಲ” ಅಂದಳು. ದನಿಯಲ್ಲಿ ಖುಷಿ ಮುಚ್ಚಿಟ್ಟುಕೊಳ್ಳಲು ಆಗಿರಲಿಲ್ಲ.

ಅಕ್ಕನಿಗೆ ಕಾರು, ಕಾರಿಗೆ ಓಟ. ಒಂದೇ ಪ್ರಯಾಣದಲ್ಲಿ ಎರಡು ರೋಗಕ್ಕೆ ಮದ್ದು ಸಿಕ್ಕಿತೆಂದು ನಾನು ಹಿಗ್ಗಿದೆ.

ಭಾನುವಾರ ಬೆಳಿಗ್ಗೆ ಹೊರಟೆವು. ದೊಡ್ಡ ರಸ್ತೆ ಸೇರಿದ ಮೇಲೆ ಕಾರಿಗೆ ಹಳೆಯ ದಿನಗಳು ನೆನಪಾದವೋ ಏನೋ, ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಮಗಳು ಹಿಂದಿನ ಸೀಟಿನಲ್ಲಿ ಹಾಡಿಕೊಳ್ಳುತ್ತಿದ್ದಳು. ಅರ್ಧ ದಾರಿ ಬಂದಿರಬೇಕು, ವಾಸನೆ ಬಂತು.

ಇವರ ಮೂಗಿನ ಹೊಳ್ಳೆ ಅರಳಿದವು.

“ರೀ, ಮೆಕ್ಯಾನಿಕ್ ಹೇಳಿದ್ದು ನೆನಪಿದೆ ತಾನೇ?” ಅಂದೆ.

“ಇದೆ.”

“ಇದು ಮಸಿ ಸುಡ್ತಿರೋ ವಾಸನೆ.”

“ಗೊತ್ತು.”

“ಹಾಗಾದ್ರೆ ಯಾಕೆ ಬೆವರ್ತಿದ್ದೀರಿ?”

“ತಲೆಗೆ ಗೊತ್ತು ಕಣೇ. ಮೂಗಿಗೆ ಗೊತ್ತಿಲ್ಲ.”

ಪಾಪ, ಬಹಳ ಹೊತ್ತು ತಡೆದುಕೊಂಡರು. ಸ್ಟೇರಿಂಗ್ ಹಿಡಿದ ಬೆರಳ ಗೆಣ್ಣು ಬಿಳುಪೇರಿದ್ದವು. ಮಗಳು ಹಿಂದಿನಿಂದ, “ಅಪ್ಪಾ, ಉಸಿರು ಬಿಡಿ. ಮೂಗು ಮುಚ್ಕೊಳ್ಳಿ, ಬೇಕಾದ್ರೆ ನಾನೇ ಹಿಡ್ಕೊಳ್ತೀನಿ” ಎಂದು ಕೈ ಚಾಚಿದಳು. ಅಷ್ಟರಲ್ಲಿ ವಾಸನೆ ಇನ್ನೊಂದು ಹದಕ್ಕೆ ಏರಿತು. ಅವರ ಕಾಲು ತಲೆಯನ್ನು ಕೇಳಲಿಲ್ಲ. ಕಾರು ರಸ್ತೆಯಂಚಿನ ಜಲ್ಲಿಯ ಮೇಲೆ ನಿಂತಿತು. ಕೀಲಿ ತಿರುಗಿತು.

“ಇಳೀರಿ!”

ಒಂದು ಮರದ ಕೆಳಗೆ ಸಾಲಾಗಿ ನಿಂತೆವು. ಅವರು ಹಿಂದಿನ ಡಿಕ್ಕಿಯಿಂದ ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೆಟ್ ತೆಗೆದು ಹಾಕಿಕೊಂಡು ನಮ್ಮ ತಲೆ ಎಣಿಸಿದರು. ಮೂರೂ ಇದ್ದವು. ಬೆಂಕಿ ಮಾತ್ರ ಇರಲಿಲ್ಲ.

ಮತ್ತೆ ಸ್ಟಾರ್ಟ್ ಮಾಡಿದಾಗ ಹಳದಿ ದೀಪದ ಜೊತೆ ಕೆಂಪು ದೀಪವೂ ಬಂದು ಕೂತಿತು. ಎಷ್ಟು ತುಳಿದರೂ ಕಾರು ತೆವಳುತ್ತಿತ್ತು. ಸೈಕಲ್ ಮೇಲೆ ಹುಲ್ಲಿನ ಹೊರೆ ಹೇರಿಕೊಂಡಿದ್ದ ಮುದುಕರೊಬ್ಬರು ನಮ್ಮನ್ನು ದಾಟಿ ಹೋಗಿ, ಕನಿಕರದಿಂದ ಹಿಂದಿರುಗಿ ನೋಡಿದರು. ಇವರು ಮತ್ತೆ ಕಾರನ್ನು ಅಂಚಿಗೆ ಹಾಕಿ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅವನ ದನಿ ಕೇಳಿತು.

“ನಿಲ್ಲಿಸಿದ್ರಾ ಸಾರ್?”

“ಒಂದೇ ಒಂದು ನಿಮಿಷ.”

“ಸಾಲಾಗಿ ನಿಂತ್ರಾ?”

ಇವರು ಸ್ಪೀಕರ್ ಆಫ್ ಮಾಡುವ ಗುಂಡಿ ಹುಡುಕತೊಡಗಿದರು. “ಲಾರಿ ಕಳಿಸ್ತೀನಿ, ಅಲ್ಲೇ ಇರಿ. ಇನ್ನು ಇಲ್ಲಿಗೆ ತಂದೇ ಮಸಿ ಸುಡ್ಬೇಕು” ಅಂದ ಅವನು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅದಕ್ಕೂ ಮೊದಲು ಕೇಳಿ ನೋಡಿದ ಬಾಡಿಗೆ ಕಾರಿನವರು ಯಾರೂ ಆ ದಿನ ಅಷ್ಟು ದೂರ ಬರಲು ಒಪ್ಪಿರಲಿಲ್ಲ.

“ಅಕ್ಕಾ, ಸ್ವಲ್ಪ ತಡ...”

“ತಡವೋ, ಬರೋದೇ ಇಲ್ಲವೋ?”

“ಇಲ್ಲ.”

ಆ ಕಡೆ ಒಂದು ನಿಟ್ಟುಸಿರು. “ಹೋಗ್ಲಿ ಬಿಡು. ಪ್ಲಾಸ್ಟಿಕ್ ಕವರ್ ತಗೊಂಡು ಬಸ್‌ಗೆ ಹೊರಡ್ತೀನಿ.”

ನಾವು ಮರದ ಕೆಳಗೆ ಲಾರಿಗಾಗಿ ಕಾದೆವು. ಹೊತ್ತು ಏರಿ ಇಳಿಯತೊಡಗಿತು. ಲಾರಿ ಬರಲಿಲ್ಲ, ಅಕ್ಕನ ಊರಿನ ಕಡೆಯಿಂದ ಒಂದು ಬಸ್ಸು ಬಂತು. ನಾನೂ ಮಗಳೂ ಅದನ್ನೇ ಹತ್ತಿ ಅಕ್ಕನ ಜೊತೆಯಾಗುವುದೆಂದು ನಾವು ನಾವೇ ಮೊದಲೇ ಮಾತಾಡಿಕೊಂಡಿದ್ದೆವು, ಅಕ್ಕನಿಗೆ ತಿಳಿಸಿರಲಿಲ್ಲ. ಇವರು ಕಿತ್ತಳೆ ಜಾಕೆಟ್ಟಿನಲ್ಲಿ ರಸ್ತೆಗೆ ಹೋಗಿ ಕೈ ಎತ್ತಿದರು. ಯಾರೋ ತಪಾಸಣೆಯವರೆಂದು ಹೆದರಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ.

“ದೊಡ್ಡಮ್ಮಾ!” ಎಂದು ಮಗಳು ಕೂಗಿದಳು.

ಕಿಟಕಿಯಿಂದ ಅಕ್ಕನ ಬಿಳುಚಿದ ಮುಖ ಹೊರಬಂತು. ಪೊರೆ ಕವಿದ ಕಣ್ಣಿಗೆ ನಾವು ಮೂರು ಮಸುಕು ಕಂಬಗಳಾಗಿ, ಹಿಂದೆ ನಿಂತ ಕಾರು ದೊಡ್ಡದೊಂದು ಬೂದು ಗುಡ್ಡೆಯಾಗಿ ಕಂಡಿರಬೇಕು. ಕಾರು ತನ್ನನ್ನು ಕರೆದೊಯ್ಯಲು ಬಂದೇಬಿಟ್ಟಿತು ಅಂದುಕೊಳ್ಳಲು ಅವಳಿಗೆ ಆ ಗುಡ್ಡೆಯೇ ಸಾಕಾಯಿತು. ನಾವು ಮುಂದಿನ ಬಾಗಿಲಿನತ್ತ ಓಡುವಷ್ಟರಲ್ಲಿ ಅವಳು ಚೀಲ ಹೆಗಲಿಗೇರಿಸಿ ಹಿಂದಿನ ಬಾಗಿಲಿನಿಂದ ಇಳಿದೇಬಿಟ್ಟಿದ್ದಳು. ಡ್ರೈವರ್‌ಗೆ ಅಲ್ಲಿಂದ ಪಾರಾದರೆ ಸಾಕಾಗಿತ್ತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

ಅಕ್ಕ ಕೈಯಾಡಿಸಿಕೊಂಡು ಬಂದು ಕಾರಿನ ಮುಂದಿನ ಬಾಗಿಲು ತೆಗೆದು, ಸೀಟಿನಲ್ಲಿ ಕೂತು, ತಲೆ ಹಿಂದಕ್ಕೊರಗಿಸಿದಳು.

“ಅಬ್ಬಾ! ಎಷ್ಟು ಮೆತ್ತಗಿದೆಯೇ. ಕೊನೆಗೂ ಬಂದ್ರಲ್ಲಪ್ಪಾ. ನಡೀರಿ ಫೈರ್ ಸಾಹೇಬ್ರೇ, ಹೊರಡಿ.”

ಯಾರೂ ಹೊರಡಲಿಲ್ಲ.

“ಅಕ್ಕಾ, ಕಾರು ಸರಿಯಾಗಿಲ್ಲ. ಕೆಟ್ಟು ನಿಂತಿದೆ” ಅಂದೆ. “ನಾವೇ ನಿನ್ನ ಬಸ್ ಹತ್ತೋಕೆ ನಿಂತಿದ್ವಿ.”

ಅಕ್ಕ ಕಣ್ಣು ತೆರೆಯದೆ ಸೀಟಿಗೆ ಇನ್ನಷ್ಟು ಒರಗಿಕೊಂಡಳು. ಆಮೇಲೆ, “ಹಾಗಾದ್ರೆ ಮುಂದಿನ ಬಸ್ ಬರೋವರೆಗೂ ಇಲ್ಲೇ ಕೂತಿರ್ತೀನಿ. ನಿನ್ನ ಕಾರಲ್ಲಿ ಕೂತೆ ಅಂತ ಆಯ್ತಲ್ಲ” ಅಂದಳು.

“ಅಕ್ಕಾ, ದಯವಿಟ್ಟು ಸ್ವಲ್ಪ ದೂರ ನಿಂತ್ಕೊಂಡ್ರೆ...” ಎಂದು ಇವರು ಮೆಲ್ಲಗೆ ಶುರುಮಾಡಿದರು. “ಇನ್ನೂ ವಾಸನೆ ಇದೆ.”

“ವಾಸನೆ ನಂದೇ ಇರ್ಬೇಕು, ಬಸ್ ಹತ್ತಿದಾಗಿಂದ ವಾಂತಿ ಮಾಡ್ತಿದ್ದೀನಿ. ಸುಮ್ನಿರಿ” ಅಂದಳು ಅಕ್ಕ.

ಮಗಳು ನಕ್ಕೂ ನಕ್ಕೂ ಜಲ್ಲಿಯ ಮೇಲೆಯೇ ಕೂತುಬಿಟ್ಟಳು.

ಮುಂದಿನ ಬಸ್ಸು ಬಂದಾಗ ಈ ಸಲ ಇವರು ಮೊದಲು ಡ್ರೈವರ್ ಪಕ್ಕ ಹೋಗಿ ನಿಂತು, ನಾವು ಮೂವರೂ ಹತ್ತುವವರೆಗೂ ಅವನನ್ನು ಬಿಡಲಿಲ್ಲ. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಕಾರಿನಿಂದ ಅಷ್ಟು ದೂರದಲ್ಲಿ, ಮರದ ಕೆಳಗೆ, ಅವರೊಬ್ಬರೇ ಸಾಲಾಗಿ ನಿಂತಿದ್ದರು.

ಬಸ್ಸಿನಲ್ಲಿ ಹಿಂದಿನ ಸೀಟೇ ಸಿಕ್ಕಿತು. ಮೊದಲ ತಿರುವಿನಲ್ಲೇ ಅಕ್ಕ ಕವರ್ ಬಿಡಿಸಿದಳು. ನಾನು ಅವಳ ಹಣೆ ಹಿಡಿದುಕೊಂಡೆ. ಚರ್ಮ ಸಡಿಲವಾಗಿತ್ತು, ಬೆವರು ಮಾತ್ರ ಅಂದಿನ ಹಾಗೇ ತಣ್ಣಗಿತ್ತು.

“ಗಟ್ಟಿಯಾಗಿ ಹಿಡ್ಕೋ” ಅಂದಳು.

ಆಸ್ಪತ್ರೆಯ ಕೌಂಟರಿನಾಕೆ ಕಿಟಕಿ ಮುಚ್ಚಲು ಕೈ ಹಾಕುವಷ್ಟರಲ್ಲಿ ನಾವು ತಲುಪಿದೆವು. ಅಕ್ಕ ದಾಖಲಾದಳು. ಮರುದಿನ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡಿದ್ದು ನಮ್ಮನೆಯವರ ಮುಖವನ್ನು. “ಅಯ್ಯೋ, ಮೂಗು ಇಷ್ಟು ದೊಡ್ಡದಿದೆ ಅಂತ ನಂಗೆ ಯಾರೂ ಹೇಳೇ ಇಲ್ವಲ್ಲ” ಅಂದಳು. ಅವರು ನಾಚಿಕೊಂಡು ಮೂಗು ಸವರಿಕೊಂಡರು. ಕಾರು ಇನ್ನೂ ಮೆಕ್ಯಾನಿಕ್ ಹತ್ತಿರವೇ ಇತ್ತು.

ಕಾರು ಬಂದ ಮೇಲೆ ಅಕ್ಕನನ್ನು ಬಸ್ ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಒಂದೇ ದಿನ ಎರಡು ಬಸ್ ಹತ್ತಿಸಿದೆ.