ಫಿಲ್ಮಿನ ಅಂಚಿನ ಕಿರುಬೆರಳು

ಪ್ರೇಮಾವತಿ ಜಗಲಿಯಲ್ಲಿ ಕೂತು ತಡ್ಪೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಎದುರಿಗೆ ಮೊಮ್ಮಗಳು ನವ್ಯಾ ಪುಸ್ತಕ ಮುಚ್ಚಿಟ್ಟು ಪಾಠ ಒಪ್ಪಿಸುತ್ತಿದ್ದಳು. ಹುಡುಗಿ ಮೂಡುಬಿದಿರೆಯ ಕಾಲೇಜಿನಲ್ಲಿ ರೇಡಿಯೋಗ್ರಫಿಗೆ ಸೇರಿ ಆರು ತಿಂಗಳಾಗಿತ್ತು. ದಿನಾ ಸಂಜೆ ಬಂಟ್ವಾಳದಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಅಂದಿನ ಪಾಠವನ್ನು ಅಜ್ಜಿಗೆ ಹೇಳಿಯೇ ಚಹಾ ಕುಡಿಯುವುದು. ಅಜ್ಜಿಗೆ ಅರ್ಥವಾದರೆ ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆಯಬಹುದು ಎಂಬುದು ಅವಳ ಲೆಕ್ಕ.

"ಎಲೆಕ್ಟ್ರಾನ್‌ಗಳು ಓಡಿ ಬಂದು ಟಂಗ್‌ಸ್ಟನ್‌ಗೆ ಹೊಡೀತವೆ ಅಜ್ಜಿ. ಆ ಓಟದ ಶಕ್ತಿ ನಾಶ ಆಗುವುದಿಲ್ಲ, ರೂಪ ಬದಲಾಯಿಸ್ತದೆ ಅಷ್ಟೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಬರೀ ಬಿಸಿ. ಒಂದೇ ಒಂದು ಪಾಲು ಎಕ್ಸ್‌ರೇ."

"ನಿನ್ನ ಅಜ್ಜನ ಮಾತಿನ ಹಾಗೆಯೇ ಉಂಟಲ್ಲ ಮಾರಾಯ್ತಿ. ತೊಂಬತ್ತೊಂಬತ್ತು ಬಿಸಿ, ಒಂದು ಬೆಳಕು."

ನವ್ಯಾ ನಕ್ಕಳು. ಅಜ್ಜ ಸುಧಾಕರ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೇಳು ವರ್ಷ ಎಕ್ಸ್‌ರೇ ತೆಗೆದವರು. ಅವರು ತೀರಿಕೊಂಡು ಒಂಬತ್ತು ವರ್ಷ. ನರ್ಸಿಂಗ್ ಹೋಮೂ ಮುಚ್ಚಿಹೋಗಿತ್ತು.

"ಇವತ್ತು ಮೇಡಂ ತಪ್ಪಾದ ಫಿಲ್ಮ್‌ಗಳನ್ನು ತೋರಿಸಿದರು ಅಜ್ಜಿ. ಕ್ಲಾಸಿಡೀ ನಗು. ಒಂದರಲ್ಲಿ ಯಾರೋ ಮಹಾನುಭಾವ ಮಗುವಿನ ಕಾಲನ್ನು ತಾನೇ ಹಿಡಿದುಕೊಂಡಿದ್ದಾನೆ! ಕಿರಣ ತಡೀಲಿಕ್ಕೆ ಸೀಸದ ಗ್ಲೌಸ್ ಇಲ್ಲ, ಎಂತ ಇಲ್ಲ. ಮಗುವಿನ ಎಲುಬಿನ ಪಕ್ಕದಲ್ಲಿ ಇವನ ಬೆರಳುಗಳು, ಉಂಗುರ ಸಮೇತ. ಚಿನ್ನ ಕಿರಣವನ್ನು ದಾಟಲಿಕ್ಕೆ ಬಿಡುವುದಿಲ್ಲ ಅಲ್ವಾ, ಉಂಗುರ ಎಲುಬಿಗಿಂತ ಬೆಳ್ಳಗೆ ಕಾಣ್ತದೆ."

ಹುರುಳಿಯ ಮೇಲೆ ಆಡುತ್ತಿದ್ದ ಕೈ ನಿಂತಿತು. "ಕಿರುಬೆರಳು ಹೇಗುಂಟು?"

"ಎಂತ?"

"ಕಿರುಬೆರಳು ಮಗಾ. ನೆಟ್ಟಗೆ ಉಂಟಾ?"

ನವ್ಯಾ ಯೋಚಿಸಿದಳು. "ಇಲ್ಲ. ಮೇಲಿನ ಗೆಣ್ಣಿನಿಂದ ಹೊರಗೆ ವಾಲಿತ್ತು. ಹಳೆಯ ಮುರಿತ, ಸರಿಯಾಗಿ ಕೂಡಲಿಲ್ಲ ಅಂತ ಮೇಡಂ..." ಅಷ್ಟಕ್ಕೇ ನಿಲ್ಲಿಸಿದಳು. ಸಣ್ಣವಳಿದ್ದಾಗ ದಾರಿಯುದ್ದಕ್ಕೂ ಅಜ್ಜನ ಆ ಸೊಟ್ಟ ಬೆರಳನ್ನೇ ಹಿಡಿದು ನಡೆದಿದ್ದಳು ಅವಳು. "ಅಜ್ಜಿ, ನಾನೂ ನಗಾಡಿದೆ."

"ನಗಾಡಿದರೆ ಎಂತ ಆಯಿತು? ಅವರೇ ಇದ್ದರೆ ನಿನಗಿಂತ ಜೋರು ನಗಾಡ್ತಿದ್ದರು."

ಒಳಗೆ ಹಾರ ಹಾಕಿದ ಪಟವಿತ್ತು. ಅದು ಎದೆಯವರೆಗಿನದು. ಅದರಲ್ಲಿ ಮುಖವಿತ್ತು, ಸ್ಟುಡಿಯೋದವನು ತಿದ್ದಿದ ಕ್ರಾಪು ಇತ್ತು, ಕೈ ಮಾತ್ರ ಇರಲಿಲ್ಲ. ಪ್ರೇಮಾವತಿಗೆ ನೆನಪಾಗುತ್ತಿದ್ದುದೆಲ್ಲ ಆ ಕೈಯೇ. ಡಾರ್ಕ್‌ರೂಮಿನ ಫಿಲ್ಮ್ ತೊಳೆಯುವ ದ್ರಾವಣದ ಹುಳಿ ವಾಸನೆ ಎಷ್ಟು ಸಾಬೂನು ತಿಕ್ಕಿದರೂ ಆ ಕೈ ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ಅವರ ಅಂಗಿಗಳನ್ನು ಒಂದು ವರ್ಷ ಒಗೆಯದೆ ಇಟ್ಟುಕೊಂಡಳು. ಆಮೇಲೆ ಅಂಗಿಗಳಲ್ಲಿ ಬರೀ ಅಲಮಾರಿನ ವಾಸನೆ ಉಳಿಯಿತು.

ನರ್ಸಿಂಗ್ ಹೋಮಿಗೆ ಬುತ್ತಿ ಕೊಂಡುಹೋದರೆ ಅವರದ್ದು ಒಂದೇ ಮಾತು. ಯಂತ್ರ ಆರಿಸಿದ್ದರೂ ಸರಿ, ಅವಳು ಬಾಗಿಲಲ್ಲಿ ಕಂಡರೆ ಸಾಕು, "ಎರಡು ಹೆಜ್ಜೆ ಹಿಂದೆ, ಪ್ರೇಮಾ!" ಎಂದು ಕೂಗುತ್ತಿದ್ದರು. ದೂರ ಎರಡರಷ್ಟಾದರೆ ಕಿರಣ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಊಟ ಮಾಡುತ್ತ ವಿವರಿಸುತ್ತಿದ್ದರು. ಅವಳನ್ನು ಅಷ್ಟು ದೂರ ನಿಲ್ಲಿಸಿದ ಮನುಷ್ಯ ಊರಿನ ಮಕ್ಕಳನ್ನೆಲ್ಲ ಬರಿಗೈಯಲ್ಲಿ ಹಿಡಿದುಕೊಂಡು ನಿಂತಿದ್ದರೇ? ಈ ಸಂಗತಿ ಅವಳಿಗೆ ಇವತ್ತೇ ಗೊತ್ತಾದದ್ದು.

"ನಾಳೆ ನಾನೂ ಬರ್ತೇನೆ," ಎಂದಳು. "ಅದನ್ನು ಮನೆಗೆ ತರುವ."

"ಅದು ಕಾಲೇಜಿನದ್ದು ಅಜ್ಜಿ. ಕೊಡುವುದಿಲ್ಲ."

"ಕೇಳಿ ನೋಡುವ. ಬಾಯಿ ಉಂಟಲ್ಲ."

ಮರುದಿನ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಅವಳ ಮಡಿಲ ಮೇಲೆ ಸೀರೆಯಂಗಡಿಯ ರಟ್ಟಿನ ಪೆಟ್ಟಿಗೆ ಇತ್ತು. ಫಿಲ್ಮಿಗೆ ಗೀರು ಬೀಳಬಾರದೆಂದು ಒಳಗೆ ಹಳೆಯ, ನಯವಾದ ಮಲ್ಲು ಬಟ್ಟೆ ಹಾಸಿದ್ದಳು.

ಕ್ಲಾಸಿನಲ್ಲಿ ಫಿಲ್ಮ್ ತೋರಿಸಿದ ಮನೋರಮಾ ಮೇಡಂ ಕೂದಲು ನರೆತ, ಬೇಗ ಮಾತಾಡುವ ಹೆಂಗಸು. ವಿಷಯ ಕೇಳಿದವರೇ ಎದ್ದರು. ಲಕೋಟೆಗಳ ಕಟ್ಟಿನಿಂದ ಒಂದು ಫಿಲ್ಮನ್ನು ತೆಗೆದು, ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದರು.

"ಆ ನರ್ಸಿಂಗ್ ಹೋಮ್ ಮುಚ್ಚಿದಾಗ ಯಾರೂ ಕೊಂಡುಹೋಗದ ಫಿಲ್ಮ್‌ಗಳು ನಮಗೆ ಬಂದವು ಅಮ್ಮ. ಆರು ವರ್ಷದಿಂದ ತೋರಿಸ್ತಿದ್ದೇನೆ. ಯಾರ ಕೈ ಅಂತ ಗೊತ್ತಿರಲಿಲ್ಲ."

ಕಪ್ಪಿನ ನಡುವೆ ಮಗುವಿನ ಪುಟ್ಟ ಕಾಲು. ಅದರ ಕೆಳಗೆ, ಅಂಚಿನಲ್ಲಿ, ನಾಲ್ಕು ಬೆರಳು. ಉಂಗುರ. ಕೊನೆಯಲ್ಲಿ ಆ ಸೊಟ್ಟ ಕಿರುಬೆರಳು. ಪ್ರೇಮಾವತಿಗೆ ಮೂಗಿನಲ್ಲಿ ಹುಳಿ ವಾಸನೆ ಬಂದಂತಾಯಿತು.

"ಬಿಳಿ ಇರುವಲ್ಲಿ ಕಿರಣ ತಲುಪಲಿಲ್ಲ ಅಂತ ಅಲ್ವಾ?"

"ಹೌದು. ತಲುಪಿದ ಕಡೆ ಫಿಲ್ಮ್ ಕಪ್ಪಾಗ್ತದೆ. ಬಿಳಿ ಇರುವಲ್ಲಿ ಎಲುಬು ತಡೆದಿದೆ."

"ತಡೆದದ್ದು ಅವರ ಮೈಯೊಳಗೇ ಉಳಿಯಿತು." ಅವಳು ಫಿಲ್ಮಿನಿಂದ ಕಣ್ಣು ತೆಗೆಯಲಿಲ್ಲ. "ಅವರು ಹೋದದ್ದು ರಕ್ತದ ಕಾಯಿಲೆಯಲ್ಲಿ. ಅದು ಇದರಿಂದಲೇ ಬಂದದ್ದಾ?"

ಮೇಡಂ ಲಕೋಟೆಗಳ ಕಟ್ಟನ್ನು ಪಕ್ಕಕ್ಕಿಟ್ಟರು. "ಇದರಿಂದಲೇ ಅಂತ ಹೇಳಲಿಕ್ಕಾಗುವುದಿಲ್ಲ ಅಮ್ಮ. ಅಲ್ಲ ಅಂತಲೂ ಹೇಳಲಿಕ್ಕಾಗುವುದಿಲ್ಲ."

"ಮಗು ಹೆದರಿ ಹೊರಳಾಡಿರಬೇಕು. ಅದಕ್ಕೇ ಹಿಡಿದದ್ದು. ನಿಮ್ಮ ಕ್ಲಾಸಿನ ಮಕ್ಕಳಿಗೆ ಅದನ್ನೂ ಹೇಳಬಹುದಿತ್ತು."

"ಕಾರಣ ಹೇಳಿದರೆ ಇವರೂ ಹಿಡೀತಾರೆ. ಮೊದಲೇ ಮೆತ್ತನೆ ಮನಸ್ಸಿನವು." ಮೇಡಂ ದನಿ ತಗ್ಗಿಸಿದರು. "ನೀವು ಬೇಕು ಅಂದರೆ ಕೊಂಡುಹೋಗಿ, ಪ್ರಿನ್ಸಿಪಾಲರಿಗೆ ನಾನು ಹೇಳ್ತೇನೆ. ಆದರೆ ಇಂಥದ್ದು ನನ್ನ ಹತ್ತಿರ ಇನ್ನೊಂದಿಲ್ಲ. ಈಗ ಎಲ್ಲ ಕಂಪ್ಯೂಟರಿನಲ್ಲಿ. ಅಂಚು ಕತ್ತರಿಸಿ ಬಿಡ್ತಾರೆ, ತಪ್ಪು ಕಾಣುವುದೇ ಇಲ್ಲ."

ಪ್ರೇಮಾವತಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದಳು. ಬೆಳಕಿನ ಹತ್ತಿರ ಹೋಗಿ ತನ್ನ ಅಂಗೈಯನ್ನು ಆ ಬೆರಳುಗಳ ಮೇಲೆ ಇಟ್ಟಳು. ಫಿಲ್ಮ್ ಬೆಚ್ಚಗಿತ್ತು. ಆದರೆ ಕೈ ಇಟ್ಟದ್ದೇ ಗಂಡನ ಬೆರಳುಗಳು ಮುಚ್ಚಿಹೋದವು. ತೆಗೆದಳು, ಕಂಡವು. ಮತ್ತೆ ಇಟ್ಟಳು. ಮುಟ್ಟಿದರೆ ಕಾಣುವುದಿಲ್ಲ, ಕಾಣಬೇಕಾದರೆ ಮುಟ್ಟಬಾರದು.

ಫಿಲ್ಮ್ ಜಾರದ ಹಾಗೆ ನವ್ಯಾ ಅದರ ಇನ್ನೊಂದು ಅಂಚನ್ನು ಹಿಡಿದುಕೊಂಡಿದ್ದಳು. ಯಾರೂ ಹಿಡಿ ಎಂದಿರಲಿಲ್ಲ. ಹಿಡಿದದ್ದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ನೆಟ್ಟಗಿನ ಎಳೆಯ ಬೆರಳುಗಳು. ಪ್ರೇಮಾವತಿ ಅವನ್ನು ಬಹಳ ಹೊತ್ತು ನೋಡಿದಳು.

"ಬಿಡು ಮಗಾ," ಎಂದಳು. "ಅದು ಕ್ಲಿಪ್ಪಿನಲ್ಲಿ ನಿಲ್ತದೆ."

ನವ್ಯಾ ಕೈ ತೆಗೆದಳು. ಪ್ರೇಮಾವತಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಇಲ್ಲೇ ಇರಲಿ ಮೇಡಂ. ಎಲ್ಲರಿಗೂ ತೋರಿಸಿ. ಹೀಗೆ ಮಾಡಬಾರದು ಅಂತಲೇ ಹೇಳಿ. ಕಿರುಬೆರಳು ಮಾತ್ರ ವಾಲಿಬಾಲಿನಲ್ಲಿ ಮುರಿದದ್ದು, ಪೊಳಲಿಯ ಗದ್ದೆಯಲ್ಲಿ. ಅದರಲ್ಲಿ ಕಲಿಯಲಿಕ್ಕೆ ಎಂತದೂ ಇಲ್ಲ. ಆದರೂ ಹೇಳಿ."

"ಹೇಳ್ತೇನೆ ಅಮ್ಮ." ಮೇಡಂ ಸ್ವಿಚ್ಚಿನ ಕಡೆ ಕೈ ನೀಡಿದರು.

"ಆರಿಸಬೇಡಿ. ಒಂದು ಗಳಿಗೆ ಇರಲಿ."

ಹೊರಗೆ ಬೆಲ್ಲು ಹೊಡೆಯಿತು. ಮಕ್ಕಳು ಗಲಾಟೆ ಮಾಡುತ್ತ ಬಾಗಿಲಲ್ಲಿ ಸೇರತೊಡಗಿದರು. ಪ್ರೇಮಾವತಿ ಖಾಲಿ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಫಿಲ್ಮಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.